ಹನ್ನೆರಡನೇ ಕಲಮಿನಿಂದ ಒಂಬತ್ತನೇ ಕಲಮಿಗೆ

ಸಾಗರ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಕಳೆದ ಸಂಚಿಕೆಯಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣೆಯ ಬಗ್ಗೆ ನಾವು ಪ್ರಕಟಿಸಿದ ಲೇಖನ ಅವರಿಗೆ ಒಪ್ಪಿಗೆಯಾಗಿಲ್ಲ. ಅವರ ತಂದೆ ಗೇಣಿ ಒಕ್ಕಲು, ಅಂದರೆ ಒಡೆಯರ ಗದ್ದೆ ಉತ್ತು ಅದಕ್ಕೆ ಭತ್ತದಲ್ಲಿ ಬಾಡಿಗೆ ಅಳೆಯುತ್ತಿದ್ದವರು. ಭೂ ನ್ಯಾಯಮಂಡಳಿಯಿಂದ ಮೂರೂವರೆ ಎಕರೆ ಗದ್ದೆ ಸಿಕ್ಕಿತು. ಈ ಶಿಕ್ಷಕರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಗದ್ದೆಗೆ ಇಳಿಯುವವರು ಯಾರೂ ಉಳಿದಿಲ್ಲ. ಬೆಂಗಳೂರಿನ ಒಬ್ಬ ಉದ್ಯಮಿ ಹೋಂಸ್ಟೇ ಕಟ್ಟಲು ಗದ್ದೆಯನ್ನು ಕೇಳುತ್ತಿದ್ದಾರೆ. 'ನಮ್ಮನ್ನು ಎತ್ತಿದ್ದು ನನ್ನ ಸಂಬಳ ಮತ್ತು ಬೆಂಗಳೂರು. ಮೂರೂವರೆ ಎಕರೆಯಿಂದ ಯಾರ ಬದುಕು ಬದಲಾಯಿತು? ಸೋತುಹೋದ ಕಾನೂನನ್ನು ಇನ್ನೆಷ್ಟು ದಿನ ಹೊಗಳುತ್ತೀರಿ?' ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಿಟ್ಟಿನಿಂದ ಬರೆದಿದ್ದೀರಿ, ಆದರೆ ಯಾವುದನ್ನೂ ಮುಚ್ಚಿಟ್ಟಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರವೂ ನಿಮ್ಮ ಪತ್ರದಲ್ಲಿಯೇ ಇದೆ. ಎರಡನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: 'ಗೇಣಿ ಅಳೆಯುವುದು ನಿಂತ ವರ್ಷ ಅಪ್ಪ ಆ ಭತ್ತವನ್ನೇ ಮಾರಿ ನನ್ನನ್ನು ಶಿವಮೊಗ್ಗಕ್ಕೆ ಓದಲು ಕಳುಹಿಸಿದರು.' ಮುಂದಿನ ಸಾಲಿನಲ್ಲಿಯೇ ಭೂಸುಧಾರಣೆಯಿಂದ ಏನೂ ಆಗಲಿಲ್ಲ ಎನ್ನುತ್ತೀರಿ. ಒಡೆಯರ ಕಣಜ ಸೇರಬೇಕಿದ್ದ ಭತ್ತ ನಿಮ್ಮ ಹಾಸ್ಟೆಲ್ ಖರ್ಚಾಯಿತು, ಪುಸ್ತಕವಾಯಿತು, ಕೊನೆಗೆ ನಿಮ್ಮ ಮೇಷ್ಟ್ರ ಕೆಲಸವಾಯಿತು. ಸಂಬಳ ನಿಮ್ಮನ್ನು ಎತ್ತಿದ್ದು ನಿಜ. ಆ ಸಂಬಳದ ಬೇರು ಎಲ್ಲಿದೆ ಎಂಬುದನ್ನು ಮಾತ್ರ ನೀವು ಲೆಕ್ಕಕ್ಕೆ ಹಿಡಿದಿಲ್ಲ.

ನಾನು ಕುಂದಾಪುರದ ಕಡೆಯವನು. ನನ್ನ ಅಜ್ಜ ಚಾಲಗೇಣಿ ಒಕ್ಕಲು, ಒಡೆಯರು ಬೇಡವೆಂದ ದಿನ ಗದ್ದೆ ಬಿಡಬೇಕಾದವರು. ನನಗೆ ಹನ್ನೆರಡು ವರ್ಷವಿರಬಹುದು, ಉಳುವ ಗದ್ದೆಯ ಹಕ್ಕು ಕೇಳುವ ಅರ್ಜಿಯಾದ ಫಾರಂ ನಂಬರ್ 7ರ ವಿಚಾರಣೆಗೆ ಅಜ್ಜ ತಾಲ್ಲೂಕು ಕಚೇರಿಗೆ ಹೋದಾಗ ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅವರ ಕೈಯಲ್ಲಿ ಗೇಣಿ ಚೀಟಿ ಇದ್ದದ್ದು ಎರಡೇ ವರ್ಷದ್ದು. ಉಳಿದ ವರ್ಷಗಳಲ್ಲಿ ಒಡೆಯರು ಅಕ್ಕಿ ಮುಡಿ ಇಳಿಸಿಕೊಂಡಿದ್ದರು, ಚೀಟಿ ಕೊಟ್ಟಿರಲಿಲ್ಲ. ಮಂಡಳಿಯವರು ಕಾಗದ ನೋಡಿ ಮುಗಿಸಲಿಲ್ಲ, ಗದ್ದೆಯ ಬಗ್ಗೆ ಕೇಳಿದರು. ಮಳೆ ಜೋರಾದರೆ ನೀರು ಮೊದಲು ಎಲ್ಲಿ ನುಗ್ಗುತ್ತದೆ? ಎರಡನೇ ಬೆಳೆ ಯಾವುದರಲ್ಲಿ ಬರುತ್ತದೆ? ಒಡೆಯರ ಪರವಾಗಿ ಬಂದಿದ್ದವರು ತಡವರಿಸಿದರು. ಅಜ್ಜ ನಿಂತಲ್ಲೇ ಕಣ್ಣು ಮುಚ್ಚಿ ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂದು ಒಂದೊಂದೇ ಗದ್ದೆಯ ಹೆಸರು ಹೇಳುತ್ತಾ ಹೋದರು. ಯಾವ ಅಂಚು ಎಲ್ಲಿ ಒಡೆಯುತ್ತದೆ, ಯಾವ ಮೂಲೆಯಲ್ಲಿ ಏಡಿ ಬಿಲ ತೋಡುತ್ತದೆ ಎಂಬುದನ್ನೂ ಬಿಡಲಿಲ್ಲ. ಒಬ್ಬ ರೈತನಿಗೆ ತನ್ನ ಮಣ್ಣಿನ ಬಗ್ಗೆ ಗೊತ್ತಿರುವುದನ್ನು ಸರ್ಕಾರಿ ಕಚೇರಿಯೊಂದು ಸಾಕ್ಷಿಯೆಂದು ಬರೆದುಕೊಂಡದ್ದನ್ನು ನಾನು ಮೊದಲ ಬಾರಿಗೆ ನೋಡಿದ್ದು ಅಂದು. ಆರಂಭದಲ್ಲಿ ಆ ಮಂಡಳಿಗಳ ಮುಂದೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಇದ್ದಿದ್ದರೆ ನನ್ನ ಅಜ್ಜ ಬಾಯಿ ತೆರೆಯುತ್ತಿದ್ದರೋ ಇಲ್ಲವೋ.

ಜಮೀನಿನ ದಾಖಲೆಯಾದ ಪಹಣಿಯನ್ನು ನೀವು ಕಂಡವರೇ. ಒಂಬತ್ತನೇ ಕಲಮಿನಲ್ಲಿ ಒಡೆಯರ ಹೆಸರು, ಹನ್ನೆರಡನೇ ಕಲಮಿನಲ್ಲಿ ಸಾಗುವಳಿ ಮಾಡುವವರ ಹೆಸರು. ನಮ್ಮ ಹಿರಿಯರು ಇದ್ದದ್ದು ಹನ್ನೆರಡರಲ್ಲಿ. ಎಷ್ಟೋ ಕಡೆ ಅಲ್ಲಿಯೂ ಬರೆಸಿರಲಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು, ಉಳುತ್ತಿದ್ದವರು ಅರ್ಜಿ ಹಾಕಿ ಅಧಿಭೋಗದ ಹಕ್ಕು, ಎಂದರೆ ಜಮೀನನ್ನು ತಮ್ಮ ಹೆಸರಿಗೆ, ಪಡೆಯಬಹುದಾಯಿತು. ಅರ್ಜಿಯ ಗಡುವು ಮತ್ತೆ ಮತ್ತೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಅಷ್ಟರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿ, ಮಲೆನಾಡುಗಳಲ್ಲಿ ಹನ್ನೆರಡರಲ್ಲಿದ್ದ ಹೆಸರುಗಳು ಒಂಬತ್ತಕ್ಕೆ ಬಂದವು. ಗೇಣಿ ಕಡಿಮೆಯಿದ್ದ ಒಣ ತಾಲ್ಲೂಕುಗಳಲ್ಲಿ ಈ ಕಾನೂನು ಅಷ್ಟು ಆಳಕ್ಕೆ ಇಳಿಯಲಿಲ್ಲ ಎಂಬುದನ್ನೂ ಒಪ್ಪುತ್ತೇನೆ.

ಇದು ಅರಸು ಅವರೊಬ್ಬರ ಕೊಡುಗೆ ಎಂದು ನಾವು ಬರೆದಿದ್ದರೆ ಅದು ತಪ್ಪು, ನಿಮ್ಮ ಆಕ್ಷೇಪ ಸರಿ. ನಿಮ್ಮ ಊರಿನಿಂದ ಕೂಗಳತೆಯಲ್ಲಿರುವ ಕಾಗೋಡಿನಲ್ಲಿ 1951ರಲ್ಲಿಯೇ ದೀವರ ಒಕ್ಕಲುಗಳು ಗೇಣಿ ಅಳೆಯುವ ಕೊಳಗದ ಅಳತೆಯನ್ನು ಪ್ರಶ್ನಿಸಿ ಎದ್ದು ನಿಂತಿದ್ದರು. ರೈತ ನಾಯಕ ಎಚ್. ಗಣಪತಿಯಪ್ಪ, ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಅವರ ಬೆನ್ನಿಗೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದಿಂದ ಶುರುವಾದ ಪ್ರಶ್ನೆ ವಿಧಾನಸಭೆಯಲ್ಲಿ ಉತ್ತರ ಕಾಣಲು ಇಪ್ಪತ್ತಮೂರು ವರ್ಷ ಹಿಡಿಯಿತು. ಸಂಖ್ಯಾಬಲವಿಲ್ಲದ ಸಮುದಾಯದಿಂದ ಬಂದ ಅರಸು, ಅಧಿಕಾರದ ಹತ್ತಿರಕ್ಕೂ ಬಾರದಿದ್ದ ಸಣ್ಣಸಣ್ಣ ಜಾತಿಗಳನ್ನು ಒಟ್ಟುಗೂಡಿಸಿದ್ದರಿಂದ ಆ ಉತ್ತರ ಸಾಧ್ಯವಾಯಿತು. ಅವರು 1972ರಲ್ಲಿ ನೇಮಿಸಿದ ಹಿಂದುಳಿದ ವರ್ಗಗಳ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ನಿಮ್ಮ ಮಗ ಸಿಇಟಿ ಬರೆದು ಮೀಸಲಾತಿಯಲ್ಲಿ ಎಂಜಿನಿಯರಿಂಗ್ ಸೀಟು ಪಡೆದ ಎಂದಿದ್ದೀರಿ. ಆ ಸೀಟಿನ ಹಾದಿ ಹಾವನೂರರ ವರದಿಯ ಮೂಲಕವೇ ಬಂದದ್ದು.

ನಿಮ್ಮ ಇನ್ನೊಂದು ಮಾತು, ಬೆಂಗಳೂರು ತಾನಾಗಿಯೇ ಬೆಳೆಯಿತು, ರಾಜಕೀಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದು. ಇದನ್ನು ನಾನು ಒಪ್ಪಲಾರೆ. ಎಚ್‌ಎಂಟಿ, ಬಿಇಎಲ್ ಅಲ್ಲಿಗೆ ಬಂದದ್ದು ಸರ್ಕಾರದ ಹಣದಿಂದ. ಎಲೆಕ್ಟ್ರಾನಿಕ್ಸ್ ಸಿಟಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ ಅಡಿಗಲ್ಲು ಬಿದ್ದದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯಿಂದ, ಅದೂ ನಮ್ಮ ತಂದೆ, ಅಜ್ಜಂದಿರು ಮಂಡಳಿಯ ಮುಂದೆ ನಿಂತಿದ್ದ ಅದೇ 1970ರ ದಶಕದ ಕೊನೆಯಲ್ಲಿ. ಆ ಕಾರ್ಖಾನೆಗಳಿಗೆ ಬೆಳಕು ಕೊಟ್ಟದ್ದು ಯಾವ ನೀರು ಎಂಬುದನ್ನು ಸಾಗರದವರಿಗೆ ನಾನು ಹೇಳಬೇಕೇ? 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿತು, ನಿಮ್ಮ ತಾಲ್ಲೂಕಿನ ಹಳ್ಳಿಗಳು ಮುಳುಗಿದವು. ಮುಳುಗಡೆಯ ಜನರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಹಿನ್ನೀರಿನ ಮೇಲೆ ಸೇತುವೆ ತೆರೆದದ್ದು 2025ರಲ್ಲಿ. ಅದುವರೆಗೆ ಹೆರಿಗೆ ನೋವು ಬಂದರೂ ಲಾಂಚ್‌ಗೆ ಕಾಯಬೇಕಿತ್ತು. ಒಂದೇ ತಾಲ್ಲೂಕಿನಲ್ಲಿ ನಿಮ್ಮ ತಂದೆಗೆ ಕಾಗದ ಸಿಕ್ಕಿತು, ಹಿನ್ನೀರಿನವರಿಗೆ ಸಿಗಲಿಲ್ಲ. ಕಾಗದ ಇದ್ದವರ ಮತ್ತು ಇಲ್ಲದವರ ಮನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ದೇವನಹಳ್ಳಿಯನ್ನು ನೋಡಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ತೆಗೆದುಕೊಳ್ಳಲು ಸರ್ಕಾರ ಹೊರಟಾಗ 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕುಳಿತರು. ಮೂರು ವರ್ಷ ದಾಟಿದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಎಕರೆ, ಎರಡು ಎಕರೆಯವರು ಸರ್ಕಾರಕ್ಕೆ 'ಕೊಡುವುದಿಲ್ಲ' ಎಂದು ಹೇಳಿ ಉಳಿಸಿಕೊಂಡರು. ಮೂರೂವರೆ ಎಕರೆಯಿಂದ ಏನಾಯಿತು ಎಂದು ಕೇಳಿದಿರಲ್ಲ, ನಾನು ಹೇಳುವುದು ಇಷ್ಟೇ: ಗೇಣಿ ಒಕ್ಕಲಿಗೆ 'ಇಲ್ಲ' ಎನ್ನುವ ಹಕ್ಕು ಇರಲಿಲ್ಲ. ಇಂದು ಬೆಂಗಳೂರಿನ ಉದ್ಯಮಿ ನಿಮ್ಮ ಜಗಲಿಗೆ ಬಂದು, ಚಹಾ ಕುಡಿದು, ನಿಮ್ಮ ಒಪ್ಪಿಗೆಗಾಗಿ ಮೂರನೇ ಸಲ ಬರುತ್ತಾರೆ. ಇದು ಸಣ್ಣ ಬದಲಾವಣೆಯಲ್ಲ.

ಹಾಗೆಂದು ಕಾನೂನು ಗೆದ್ದಿತು ಎಂದು ನಾನು ಸುಮ್ಮನಾಗಲಾರೆ. ನಿಮ್ಮ ಪತ್ರದ ಮೂರನೇ ಪುಟದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. 'ನಮ್ಮಲ್ಲಿ ಸಸಿ ನೆಡಲು ಬರುತ್ತಿದ್ದ ಹೆಂಗಸರ ಮಕ್ಕಳು ಈಗಲೂ ಕೂಲಿಗೇ ಹೋಗುತ್ತಾರೆ' ಎಂದು ಬರೆದು ಮುಂದಕ್ಕೆ ಹೋಗಿದ್ದೀರಿ. ಸೋಲನ್ನು ಹುಡುಕಬೇಕಾದದ್ದು ಇಲ್ಲಿ. ಅವರ ಹೆಸರು ಒಂಬತ್ತರಲ್ಲೂ ಇರಲಿಲ್ಲ, ಹನ್ನೆರಡರಲ್ಲೂ ಇರಲಿಲ್ಲ. ಕೂಲಿಯವರಾದ ಅವರು ಗೇಣಿ ಒಕ್ಕಲೂ ಅಲ್ಲ, ಆದ್ದರಿಂದ ಫಾರಂ 7 ತುಂಬಲು ಅವರಿಗೆ ಅವಕಾಶವೇ ಇರಲಿಲ್ಲ. ಮಿತಿಗಿಂತ ಹೆಚ್ಚಿನ ಭೂಮಿಯನ್ನು ಕಿತ್ತು ಭೂರಹಿತರಿಗೆ ಹಂಚುವ ಭಾಗ ಹೆಚ್ಚಿನಂಶ ಕಾಗದದಲ್ಲಿಯೇ ಉಳಿಯಿತು. ದಲಿತರಿಗೆ ಮಂಜೂರಾದ ಭೂಮಿ ಪರಭಾರೆಯಾಗದಂತೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಕಳೆದುಕೊಂಡ ಭೂಮಿ ಕೇಳಲು ತಡವಾಯಿತು ಎಂಬ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗುತ್ತಿದ್ದುದರಿಂದ 2023ರಲ್ಲಿ ಅದನ್ನು ತಿದ್ದಬೇಕಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ, ಎಂದೂ ಕೃಷಿ ಮಾಡದವರೂ ಕೃಷಿ ಭೂಮಿ ಕೊಳ್ಳಬಹುದು. ನಿಮ್ಮ ಗದ್ದೆ ಕೇಳುತ್ತಿರುವವರು ಕೇಳಲು ಸಾಧ್ಯವಾದದ್ದು ಹಾಗೆ. ಅಂಥವರ ಜೊತೆ ಪೈಪೋಟಿಗೆ ಬಿದ್ದು ಒಬ್ಬ ಕೂಲಿಕಾರ ಮಹಿಳೆ ಇಪ್ಪತ್ತು ಗುಂಟೆ ಕೊಳ್ಳುವ ದಿನವನ್ನು ನಾವು ನಮ್ಮ ಕೈಯಾರೆ ದೂರ ತಳ್ಳಿದ್ದೇವೆ. ಆ ತಿದ್ದುಪಡಿಯನ್ನು ಈ ಪತ್ರಿಕೆ ಅಂದೂ ವಿರೋಧಿಸಿತ್ತು, ಇಂದೂ ವಿರೋಧಿಸುತ್ತದೆ.

ನನ್ನ ಅಜ್ಜಿ ಅಂದು ತಾಲ್ಲೂಕು ಕಚೇರಿಯ ಹೊರಗೆ ಮಾವಿನ ಮರದ ಕೆಳಗೆ ಬುತ್ತಿ ಹಿಡಿದು ಕುಳಿತಿದ್ದರು. ಯಾವ ಗದ್ದೆಗೆ ಎಷ್ಟು ಸೂಡಿ ನೇಜಿ, ಎಂದರೆ ಎಷ್ಟು ಕಟ್ಟು ಸಸಿ, ಬೇಕು ಎಂಬುದು ಅಜ್ಜನಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ. ಆದೇಶದಲ್ಲಿ ಬಂದದ್ದು ಅಜ್ಜನ ಹೆಸರು, ಅಜ್ಜನ ನಂತರ ದೊಡ್ಡಪ್ಪನ ಮತ್ತು ಅಪ್ಪನ ಹೆಸರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲಿ ಕಾನೂನು ಮಾಡಿತು, ದೇಶ ಮಾಡುವುದಕ್ಕಿಂತ ಹನ್ನೊಂದು ವರ್ಷ ಮೊದಲು. ಅದರ ನಂತರವೂ ನನ್ನ ಅತ್ತೆಯರಿಬ್ಬರು ಒಂದೊಂದು ಸೀರೆ, ಅರಿಸಿನ ಕುಂಕುಮ ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ನಾನು ಅಲ್ಲೇ ಇದ್ದೆ, ಓದಿದವನಾಗಿಯೂ ಒಂದು ಮಾತು ಆಡಲಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಇದನ್ನು ಹೇಳಲು ಕಾರಣವಿದೆ. ಗದ್ದೆ ಮಾರಿದರೆ ತಪ್ಪೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ತಪ್ಪಲ್ಲ. ಬೆನ್ನು ಬಾಗಿಸಿ ದುಡಿದವರ ಮಕ್ಕಳು ಅದೇ ಕೆಸರಿನಲ್ಲಿರಬೇಕು ಎಂದು ಬಯಸುವ ಹಕ್ಕು ನನಗಿಲ್ಲ. ಆದರೆ ನಿಮಗೆ ಮೂವರು ತಂಗಿಯರು, ಮದುವೆಯಾಗುವವರೆಗೂ ಆ ಗದ್ದೆಯಲ್ಲಿ ಸಸಿ ನೆಟ್ಟವರು ಎಂದು ನೀವೇ ಬರೆದಿದ್ದೀರಿ. ಮಾರಾಟದ ಬಗ್ಗೆ ಮಗನನ್ನು ಕೇಳಿದ್ದೀರಿ, ದಲ್ಲಾಳಿಯನ್ನು ಕೇಳಿದ್ದೀರಿ, ನನ್ನನ್ನೂ ಕೇಳಿದ್ದೀರಿ. ಅವರನ್ನು ಕೇಳಿದ ಸುದ್ದಿ ಪತ್ರದಲ್ಲಿ ಎಲ್ಲಿಯೂ ಇಲ್ಲ. ಕರಾರು ಪತ್ರಕ್ಕೆ ಮುಂಗಡ ಪಡೆಯುವ ಮೊದಲು ಮೂವರನ್ನೂ ಮನೆಗೆ ಕರೆಸಿ, ಪಹಣಿಯನ್ನು ಅವರ ಮುಂದಿಡಿ. ಅವರು ಏನು ಹೇಳಿದರೆಂದು ನನಗೆ ಬರೆಯಿರಿ, ನಿಮ್ಮ ಈ ಪತ್ರದಂತೆಯೇ ಪೂರ್ತಿಯಾಗಿ ಓದುತ್ತೇನೆ.

ಸಂಪಾದಕ