ಫುಲ್ ಇನ್ಶೂರೆನ್ಸ್ ಇದ್ದೂ ಕೈಯಿಂದ ದುಡ್ಡು ಹೋಗುವುದೇಕೆ?

ಪ್ರಶ್ನೆ: ನನ್ನದು ಎರಡೂವರೆ ವರ್ಷದ 1,200 ಸಿಸಿ ಪೆಟ್ರೋಲ್ ಕಾರು, ಫುಲ್ ಇನ್ಶೂರೆನ್ಸ್ ಇದೆ. ಮುಂದಿನ ಬಂಪರ್, ಫೆಂಡರ್ ರಿಪೇರಿಗೆ 22,000 ರೂಪಾಯಿ ಬಿಲ್ ಆಯಿತು. ಅದರಲ್ಲಿ 6,900 ನಾನೇ ಕಟ್ಟಬೇಕಾಯಿತು. ರಿನ್ಯೂವಲ್‌ಗೆ ಝೀರೊ ಡೆಪ್, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿ ಎಂದು ಏಜೆಂಟರು ಹೇಳುತ್ತಾರೆ. ಪಾರ್ಕಿಂಗ್ ಬೇಸ್‌ಮೆಂಟಿನಲ್ಲಿದೆ. ಯಾವುದು ಬೇಕು?
– ಓದುಗರು, ಬೆಂಗಳೂರು

ಉತ್ತರ: ನೀವು ಫುಲ್ ಎನ್ನುವುದು ಕಾಂಪ್ರೆಹೆನ್ಸಿವ್ ಪಾಲಿಸಿ. ಅದರಲ್ಲಿ ಥರ್ಡ್ ಪಾರ್ಟಿ (ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿ) ಮತ್ತು ನಿಮ್ಮ ಗಾಡಿಗಾದ ಹಾನಿ, ಎರಡೂ ಸೇರಿವೆ. ಆದರೆ ಹಳೆ ಭಾಗ ತೆಗೆದು ಹೊಸದು ಹಾಕಿದಾಗ ಸವಕಳಿಯನ್ನು, ಅಂದರೆ ಹಳೆಯದಾಗಿ ಇಳಿದ ಬೆಲೆಯನ್ನು, ಕಂಪನಿ ಕೊಡುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಗಾಡಿಯ ವಯಸ್ಸು ಎಷ್ಟಿದ್ದರೂ 50% ಕಡಿತ. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಕ್ಕೆ ಎರಡರಿಂದ ಮೂರು ವರ್ಷದ ಗಾಡಿಯಲ್ಲಿ 15%.

ಬಂಪರ್ 8,000 ಎಂದಿಟ್ಟುಕೊಳ್ಳಿ, 4,000 ನಿಮ್ಮದು. ಫೆಂಡರ್ 6,000, ಅದರಲ್ಲಿ 900 ನಿಮ್ಮದು. ಪೇಂಟಿಂಗ್ 8,000 ಆದರೆ ಅದರ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅರ್ಧ ಕಳೆಯುತ್ತಾರೆ, ಅಲ್ಲಿಗೆ 1,000. ಇದರ ಮೇಲೆ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ಮಾಲೀಕರು ಹಾಕಬೇಕಾದ ಮೊತ್ತ 1,500 ಸಿಸಿವರೆಗೆ 1,000, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000. ಕೂಡಿಸಿದರೆ ಸರಿಯಾಗಿ 6,900! ಸವಕಳಿ ಕಳೆಯದೆ ಹಣ ಕೊಡುವ ಝೀರೊ ಡೆಪ್ ಇದ್ದಿದ್ದರೆ ಆ ಕಡೆಯ ಸಾವಿರ ಮಾತ್ರ ಹೋಗುತ್ತಿತ್ತು. ಈಗಿನ ಕಾರುಗಳ ಹೊರಮೈಯಲ್ಲಿ ಪ್ಲಾಸ್ಟಿಕ್ಕೇ ಜಾಸ್ತಿ, ಹಾಗಾಗಿ ಐದು ವರ್ಷದೊಳಗಿನ ಗಾಡಿಗೆ ಅದನ್ನು ಖಂಡಿತ ತೆಗೆದುಕೊಳ್ಳಿ. ವರ್ಷಕ್ಕೆ ಎಷ್ಟು ಕ್ಲೇಮಿಗೆ ಅನ್ವಯ ಎಂಬುದನ್ನು ಮಾತ್ರ ಪಾಲಿಸಿಯಲ್ಲಿ ಓದಿ. ಕೆಲವರು ಎರಡಕ್ಕೇ ನಿಲ್ಲಿಸುತ್ತಾರೆ.

ಬೇಸ್‌ಮೆಂಟ್ ಎಂದಿರಿ, ಹಾಗಾದರೆ ಎಂಜಿನ್ ಪ್ರೊಟೆಕ್ಟ್ ಕೂಡ ಬೇಕು. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಬೆಳ್ಳಂದೂರು ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ನೀರು ನುಗ್ಗಿ ಸೀಟು, ವೈರಿಂಗ್ ಹಾಳಾದರೆ ಮೂಲ ಪಾಲಿಸಿಯೇ ಕೊಡುತ್ತದೆ. ತಕರಾರು ಬರುವುದು ಎಂಜಿನ್ನಿನಲ್ಲಿ. ನೀರು ಕುಡಿದ ಎಂಜಿನ್ ಸ್ಟಾರ್ಟ್ ಮಾಡಿದರೆ ಏರ್ ಫಿಲ್ಟರ್ ದಾರಿಯಲ್ಲಿ ಸಿಲಿಂಡರಿಗೆ ನೀರು ಹೋಗುತ್ತದೆ. ಗಾಳಿಯ ಹಾಗೆ ನೀರು ಅದುಮಿಸಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದು ಪ್ರವಾಹದಿಂದ ಆದದ್ದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಕ್ಲೇಮ್ ನಿರಾಕರಿಸುತ್ತಾರೆ. ಎಂಜಿನ್ ಪ್ರೊಟೆಕ್ಟ್ ಇರುವುದೇ ಈ ಖರ್ಚಿಗೆ. ಅದಿದ್ದರೂ ಕೀ ತಿರುಗಿಸಬೇಡಿ. ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನೋಡಿದ್ದಾರೆ ಎಂದು ಹಾನಿ ಪರಿಶೀಲಿಸುವ ಸರ್ವೇಯರ್ ಬರೆದರೆ ಜಗಳ ಶುರು. ನಂಬರ್ ಪ್ಲೇಟ್ ಮತ್ತು ನೀರಿನ ಮಟ್ಟ ಎರಡೂ ಕಾಣುವಂತೆ ಫೋಟೊ ತೆಗೆಯಿರಿ, ಕಂಪನಿಗೆ ತಿಳಿಸಿ, ಟೋ ಮಾಡಿಸಿಯೇ ಸಾಗಿಸಿ.

ಇನ್ನೊಂದು ಮಾತು. ಪ್ರೀಮಿಯಂ ಇಳಿಸಲು ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಬರೆಯುವ ವಿಮಾ ಮೌಲ್ಯ) ಕಡಿಮೆ ಬರೆಸಲು ಒಪ್ಪಬೇಡಿ. ಕಾರು ಕಳುವಾದರೆ ಕೈಗೆ ಬರುವ ಮೊತ್ತವನ್ನು ಅದೇ ನಿರ್ಧರಿಸುತ್ತದೆ. ರಿಪೇರಿ ಖರ್ಚು ಐಡಿವಿಯ 75% ದಾಟಿದರೂ ಗಾಡಿಯನ್ನು ಪೂರ್ತಿ ನಷ್ಟ ಎಂದೇ ಲೆಕ್ಕ ಹಾಕುತ್ತಾರೆ.

ಪ್ರಶ್ನೆ: 11 ವರ್ಷದ 796 ಸಿಸಿ ಕಾರಿದೆ. ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರುವುದಷ್ಟೆ. ಬರೀ ಥರ್ಡ್ ಪಾರ್ಟಿ ಸಾಕೇ?
– ಓದುಗರು, ಮಂಡ್ಯ

ಉತ್ತರ: ಸಾಕು, ನಿಮ್ಮ ಗಾಡಿಯ ನಷ್ಟವನ್ನು ನೀವೇ ಭರಿಸಿಕೊಳ್ಳುವಿರಾದರೆ. ಹತ್ತು ವರ್ಷ ದಾಟಿದ ಮೇಲೆ ಲೋಹಕ್ಕೂ 50% ಕಡಿತ, ಸಣ್ಣಪುಟ್ಟ ರಿಪೇರಿಗೆ ಸಿಗುವುದು ಅಲ್ಪ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1,000 ಸಿಸಿವರೆಗಿನ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ 2,094 ರೂಪಾಯಿ, ತೆರಿಗೆ ಬೇರೆ. ಇದು ಸರ್ಕಾರ ನಿಗದಿ ಮಾಡಿದ ದರ, ಅದಕ್ಕೆ ಕಂಪನಿಯಿಂದ ಕಂಪನಿಗೆ ಅಲೆಯುವ ಅಗತ್ಯವಿಲ್ಲ. ನಿಮ್ಮ ಗಾಡಿಯಿಂದ ಬೇರೆಯವರ ಆಸ್ತಿಗೆ ಹಾನಿಯಾದರೆ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆಯನ್ನು ಮಾತ್ರ ಬಿಡಬೇಡಿ. ಥರ್ಡ್ ಪಾರ್ಟಿಯಲ್ಲಿ ಎದುರಿನವರಿಗೆ ಪರಿಹಾರವಿದೆ, ಸ್ಟೇರಿಂಗ್ ಹಿಡಿದ ನಿಮಗಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುತ್ತಿದ್ದೇನೆ. 50% ನೋ ಕ್ಲೇಮ್ ಬೋನಸ್ ಇದೆ, ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳು ನಡೆಯುತ್ತದೆ ಎಂದು ಮಾರುವವರು ಹೇಳುತ್ತಾರೆ.
– ಓದುಗರು, ಶಿವಮೊಗ್ಗ

ಉತ್ತರ: ಆ ಬೋನಸ್ ಎಂದರೆ ಕ್ಲೇಮ್ ಮಾಡದಿದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು ಗಾಡಿಯದಲ್ಲ, ಮಾರುವವರದು. ಅದಕ್ಕಾಗಿ ನೀವು ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಆರ್‌ಸಿ ವರ್ಗಾವಣೆಯಾದ 14 ದಿನದೊಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿ, ಉಳಿದ ಅವಧಿಗೆ ಬೋನಸ್ಸಿನ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಇದನ್ನು ಮಾಡಿಸದೆ ಅಪಘಾತವಾದರೆ ಥರ್ಡ್ ಪಾರ್ಟಿ ಭಾಗ ನಡೆಯುತ್ತದೆ, ನಿಮ್ಮ ಗಾಡಿಯ ರಿಪೇರಿ ಕ್ಲೇಮ್ ಮಾತ್ರ ಬಿದ್ದುಹೋಗುತ್ತದೆ: ಪಾಲಿಸಿಯಲ್ಲಿ ಹೆಸರಿರುವವರಿಗೆ ಗಾಡಿ ಇಲ್ಲ, ಗಾಡಿ ಇರುವ ನಿಮಗೆ ಪಾಲಿಸಿ ಇಲ್ಲ. ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿದೆಯೇ ಎಂದು ಹಣ ಕೊಡುವ ಮೊದಲೇ ನೋಡಿಕೊಳ್ಳಿ.