ಗುರಿ ತಪ್ಪುವ ಪಿಚರ್‌ನ ಹಸ್ತಾಕ್ಷರ

ಬೇಸ್‌ಬಾಲ್‌ನ ಕೆಳಹಂತವಾದ ಮೈನರ್ ಲೀಗ್‌ನ ಹೊಸ ಪಿಚರ್, ಅಂದರೆ ಚೆಂಡೆಸೆಗಾರ, ನಿಮ್ಮ ಮಗನ ಚೆಂಡಿನ ಮೇಲೆ ಹಾಕಿಕೊಟ್ಟ ಹಸ್ತಾಕ್ಷರವನ್ನು ಕಂಡು, ‘ಇವನ ಸಹಿಯೂ ಗುರಿ ತಪ್ಪಿ ಹೊಲಿಗೆಯ ಮೇಲೆ ಬಿದ್ದಿದೆ’ ಎಂದು ಪಕ್ಕದವರು ನಕ್ಕರೆಂದೂ, ಅದನ್ನು ಇಟ್ಟುಕೊಳ್ಳಬೇಕೇ ಎಂದೂ ಕೇಳಿದ್ದೀರಿ. ಖಂಡಿತವಾಗಿ ಇಟ್ಟುಕೊಳ್ಳಿ.

ವೇಗವಿದ್ದೂ ಹಿಡಿತವಿಲ್ಲದ ಪಿಚರ್ ಮುಂದೆ ಏನಾಗುವನೆಂದು ಯಾರೂ ಹೇಳಲಾರರು. 1990ರಿಂದ 1992ರವರೆಗೆ ಸತತ ಮೂರು ವರ್ಷ, ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ವಾಕ್ ಕೊಟ್ಟ ರ‍್ಯಾಂಡಿ ಜಾನ್ಸನ್, ಅಂದರೆ ಗುರಿ ತಪ್ಪಿದ ಎಸೆತಗಳಿಂದ ಬ್ಯಾಟರ್‌ಗಳನ್ನು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಕಳಿಸಿದವರು, ಮುಂದೆ ಐದು ಸಲ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದು 2015ರಲ್ಲಿ ಆಟದ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಎಲ್ಲರಿಗೂ ಆ ಭಾಗ್ಯವಿಲ್ಲ, ನಿಜ. 1960ರಲ್ಲಿ ಮೈನರ್ ಲೀಗ್‌ನ ಸ್ಟಾಕ್ಟನ್ ತಂಡಕ್ಕಾಗಿ 262 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್ ಔಟಾಗುವುದು) ಪಡೆದು ಅಷ್ಟೇ, ಅಂದರೆ 262 ವಾಕ್ ಕೊಟ್ಟ ಸ್ಟೀವ್ ಡಾಲ್ಕೌಸ್ಕಿ ಮೇಜರ್ ಲೀಗ್ ಪಂದ್ಯವನ್ನು ಆಡಲೇ ಇಲ್ಲ. ಆದರೂ ಅವರ ವೇಗದ ಮಾತು ಇಂದಿಗೂ ನಿಂತಿಲ್ಲ. ನನಗಂತೂ ಅವರ ಕಥೆಯೇ ಹೆಚ್ಚು ಪ್ರಿಯ.

ಚೆಂಡನ್ನು ಬಿಸಿಲು ತಾಗದ ಕಡೆ ಇಡಿ, ಇಲ್ಲದಿದ್ದರೆ ಶಾಯಿ ಮಾಸುತ್ತದೆ. ಮುಂದಿನ ಸಲ ಮಾರ್ಕರ್ ಬದಲು ನೀಲಿ ಬಾಲ್‌ಪಾಯಿಂಟ್ ಪೆನ್ನು ಕೊಟ್ಟು, ಎರಡು ಹೊಲಿಗೆಗಳು ತೀರ ಹತ್ತಿರ ಬರುವ ಕಿರಿದಾದ ಜಾಗವನ್ನು ಮೇಲೆ ಮಾಡಿ ಹಿಡಿಯುವಂತೆ ಮಗನಿಗೆ ಹೇಳಿ. ಮಾರ್ಕರ್‌ನ ಶಾಯಿ ತೊಗಲಿನಲ್ಲಿ ಹರಡಿಕೊಳ್ಳುತ್ತದೆ.