ಯುದ್ಧದ ಸುದ್ದಿ ನೋಡಿ ಕೆಲಸ ಮಾಡಕ್ಕಾಗ್ತಿಲ್ಲ, ಜ್ವರ ಅಂತ ಹೇಳಿ ರಜೆ ಹಾಕ್ಲಾ?

ಜ್ವರ ಅಂತ ಮಾತ್ರ ಹೇಳ್ಬೇಡಿ. ಮಿಕ್ಕಿದ್ದು ಆಮೇಲೆ. ನೀವು "ಆಸ್ಪತ್ರೆ ಫಾರ್ಮಸಿ ಬಿಲ್ಲಿಂಗಲ್ಲಿ ಕೂತ್ಕೊಳ್ತೀನಿ, ಯುದ್ಧದ ವಿಡಿಯೋ ನೋಡಿ ನೋಡಿ ನಿದ್ದೆ ಹೋಗಿದೆ, ಅಲ್ಲಿ ನಮ್ಮೋರು ಅಂತ ಯಾರೂ ಇಲ್ಲ, ಇಂಥದ್ದಕ್ಕೆಲ್ಲ ರಜೆ ಕೇಳಿದ್ರೆ ಏನಂದ್ಕೊಳ್ತಾರೋ" ಅಂತ ಬರೆದಿದೀರಿ. ನಾನು 2022ರಲ್ಲಿ ಜ್ವರ ಅಂತಾನೇ ಹೇಳಿದ್ದೆ.

ನನ್ನ ಅಕ್ಕನ ಮಗ ಆಗ ಉಕ್ರೇನಿನ ಖಾರ್ಕಿವಲ್ಲಿ ಎಂಬಿಬಿಎಸ್ ಮೂರನೇ ವರ್ಷ. ಅಕ್ಕನ ಮನೆ ರಾಣೆಬೆನ್ನೂರು ಹತ್ರ. ನಾನು ಬೆಂಗಳೂರಲ್ಲಿ, ಪೀಣ್ಯದ ಕಡೆ ಒಂದು ಗಾರ್ಮೆಂಟ್ಸಲ್ಲಿ ಅಕೌಂಟ್ಸ್, ಸಂಬಳ ಹಾಕೋ ಕೆಲಸ ಪೂರ್ತಿ ನಂದೇ. ಫೆಬ್ರವರಿ 24 ಗುರುವಾರ, ಬೆಳಿಗ್ಗೆ ಬಸ್ಸಲ್ಲಿ ನಿಂತಿದ್ದಾಗ್ಲೇ ರಷ್ಯಾ ದಾಳಿ ಶುರು ಮಾಡ್ತು ಅಂತ ಮೊಬೈಲಲ್ಲಿ ಬಂತು. ಅವನ ಟಿಕೆಟ್ ಇದ್ದಿದ್ದು 27ಕ್ಕೆ. ದಾಳಿ ಶುರುವಾದ ದಿನವೇ ಉಕ್ರೇನ್ ವಿಮಾನ ಹಾರಾಟ ಬಂದ್ ಮಾಡ್ತು, ನಮ್ಮೋರನ್ನ ಕರ್ಕೊಂಡು ಬರೋಕೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ವಾಪಸ್ಸು ಬಂತು. ಅವನು ಹಾಸ್ಟೆಲ್ ನೆಲಮಾಳಿಗೆಯಲ್ಲಿ, ಅಕ್ಕ ದೇವರ ಕೋಣೆಯಲ್ಲಿ, ನಾನು ಆಫೀಸಲ್ಲಿ ಟೇಬಲ್ ಕೆಳಗೆ ಫೋನ್ ಇಟ್ಕೊಂಡು.

ಮಾರನೇ ದಿನ ಶುಕ್ರವಾರ ಹೋಗಕ್ಕೇ ಆಗ್ಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿ ಇದ್ದಿದ್ದು ಇದ್ದ ಹಾಗೆ ಹೇಳ್ಬಹುದಿತ್ತು. ಹೇಳ್ಲಿಲ್ಲ. ಎಲ್ಲೋ ಯುದ್ಧ ಆಗ್ತಿದೆ ಅಂತ ರಜೆ ಕೇಳೋದು ಹೆಂಗೆ, ಅಳಿಯ ತಾನೇ, ಸ್ವಂತ ಮಗ ಅಲ್ವಲ್ಲ ಅಂತಾರೇನೋ ಅನ್ನೋ ಹೆದರಿಕೆ. ಸರ್ ಜ್ವರ ಅಂದೆ. ನೆನಪಿಟ್ಕೊಳ್ಳಿ, ಅದು ಕೊರೋನಾದ ಓಮಿಕ್ರಾನ್ ಅಲೆ ಇನ್ನೂ ಪೂರ್ತಿ ಇಳಿಯದ ಹೊತ್ತು. ಆರ್‌ಟಿಪಿಸಿಆರ್ ರಿಪೋರ್ಟ್ ಇಲ್ದೆ ಒಳಗೆ ಬರ್ಬೇಡಿ ಅಂದ್ರು. ಇಲ್ಲದ ಜ್ವರಕ್ಕೆ ಹೋಗಿ ಮೂಗಿಗೆ ಕಡ್ಡಿ ಹಾಕಿಸ್ಕೊಂಡು ಬಂದೆ. ಅದಾದ್ರೂ ಹೋಗ್ಲಿ, ನನ್ನ ಪಕ್ಕದ ಸೀಟಲ್ಲಿ ಕೂತ್ಕೊಳ್ತಿದ್ದ ಹಿರಿಯರು ಒಬ್ರು, ಮನೇಲಿ ಎಂಬತ್ತು ದಾಟಿದ ತಾಯಿ, ನನ್ನ ಜ್ವರ ಕೇಳಿ ಗಾಬರಿಯಾಗಿ ಅವರೂ ಟೆಸ್ಟ್ ಮಾಡಿಸ್ಕೊಂಡು ಎರಡು ರಾತ್ರಿ ಹೊರಗಿನ ರೂಮಲ್ಲಿ ಮಲಗಿದಾರೆ. ಸೋಮವಾರ ಹೋದಾಗ ಅವರೇ ಮೊದಲು ಬಂದು "ಹೆಂಗಿದೀರಪ್ಪ ಈಗ" ಅಂತ ಕೇಳಿದ್ರು. ನನಗೆ ಅವರ ಮುಖ ನೋಡೋಕಾಗ್ಲಿಲ್ಲ.

ಆವತ್ತಿಂದ ನಾನು ಇನ್ನೊಂದು ರಜೆ ಕೇಳೋ ಧೈರ್ಯ ಕಳ್ಕೊಂಡೆ, ಮುಂದೆ ಆಗಿದ್ದಕ್ಕೆಲ್ಲ ಇದೇ ಮೂಲ.

ಮಾರ್ಚ್ 1 ಮಂಗಳವಾರ ಶಿವರಾತ್ರಿ, ಕಾರ್ಖಾನೆಗೆ ರಜೆ. ಮಧ್ಯಾಹ್ನ ಯಾರೋ ಫೋನ್ ಮಾಡಿ "ಖಾರ್ಕಿವಲ್ಲಿ ನಮ್ಮ ಹಾವೇರಿ ಜಿಲ್ಲೆ ಹುಡುಗ ಒಬ್ಬ ಹೋಗ್ಬಿಟ್ನಂತೆ" ಅಂದ್ರು. ಹೆಸರು ಅವರಿಗೂ ಗೊತ್ತಿಲ್ಲ. ಅಕ್ಕನ ಫೋನ್ ಬಂತು, "ತಮ್ಮಾ, ಅವನ ಫೋನ್ ಹತ್ತವಲ್ದು" ಅಂದಳು, ಅಷ್ಟೇ, ಆಮೇಲೆ ಭಾವ ಫೋನ್ ತಗೊಂಡ್ರು. ಮುಕ್ಕಾಲು ಗಂಟೆ ಆದ್ಮೇಲೆ ನಮ್ಮ ಹುಡುಗ ತಾನೇ ಮೆಸೇಜ್ ಹಾಕಿದ. ಹೋದವನು ರಾಣೆಬೆನ್ನೂರು ತಾಲ್ಲೂಕಿನದೇ ಚಳಗೇರಿಯ ಹುಡುಗ, ಊಟದ ಸಾಮಾನು ತರೋಕೆ ಅಂತ ಹೊರಗೆ ಹೋದವನು ಶೆಲ್ ದಾಳಿಗೆ ಸಿಕ್ಕಿದ್ದ. ನಮ್ಮ ಹುಡುಗ ಅಲ್ಲ ಅಂತ ಗೊತ್ತಾದ ಕ್ಷಣ ನಮ್ಮ ಮನೇಲಿ ಎಲ್ರೂ ಉಸಿರು ಬಿಟ್ವಿ, ಮರುಕ್ಷಣ ಎಲ್ರೂ ಸುಮ್ಮನಾದ್ವಿ, ಯಾಕಂದ್ರೆ ಅದೇ ತಾಲ್ಲೂಕಲ್ಲಿ ಇನ್ನೊಂದು ಮನೇಲಿ ಏನಾಗ್ತಿದೆ ಅಂತ ಗೊತ್ತಲ್ಲ. ಶಿವರಾತ್ರಿ ಜಾಗರಣೆಗೆ ಯಾರೂ ಯಾರನ್ನೂ ಎಬ್ಬಿಸಬೇಕಾಗಿರ್ಲಿಲ್ಲ.

2ನೇ ತಾರೀಖು ಬುಧವಾರ ನಮ್ಮ ರಾಯಭಾರ ಕಚೇರಿ ಹೇಳಿತು, ಖಾರ್ಕಿವಲ್ಲಿರೋ ಭಾರತೀಯರು ತಕ್ಷಣ ಊರು ಬಿಡಿ, ಪೆಸೊಚಿನ್, ಬಾಬಾಯ್, ಬೆಜ್ಲ್ಯುಡೋವ್ಕಾ ಹತ್ತಿರದ ಈ ಮೂರು ಊರಲ್ಲಿ ಎಲ್ಲಿಗಾದ್ರೂ ಸರಿ ಅಲ್ಲಿನ ಟೈಮ್ ಸಂಜೆ 6ರೊಳಗೆ ತಲುಪಿ, ಬಸ್ಸು ರೈಲು ಸಿಗ್ಲಿಲ್ಲ ಅಂದ್ರೆ ನಡ್ಕೊಂಡಾದ್ರೂ ಹೋಗಿ ಅಂತ. ನಮ್ಮ ಲೆಕ್ಕಕ್ಕೆ ರಾತ್ರಿ ಒಂಬತ್ತೂವರೆ. ಟಿವಿಯಲ್ಲಿ ನಮ್ಮೋರನ್ನ ಕರ್ಕೊಂಡು ಬರ್ತಿದ್ದ ಸರ್ಕಾರದ ಆಪರೇಷನ್ ಗಂಗಾ ವಿಮಾನಗಳು ಬಂದು ಇಳೀತಿದ್ದು ತೋರಿಸ್ತಿದ್ರು, ಅವೆಲ್ಲ ಉಕ್ರೇನಿನ ಪಶ್ಚಿಮಕ್ಕಿರೋ ದೇಶಗಳಿಂದ, ಖಾರ್ಕಿವ್ ಇರೋದು ಪೂರ್ವದ ಕೊನೇಲಿ, ರಷ್ಯಾ ಗಡಿ ಹತ್ರ. ಅವನು ಗೆಳೆಯರ ಜೊತೆ ಹಿಮದಲ್ಲಿ ನಡೆಯೋಕೆ ಶುರು ಮಾಡಿದ, ಪೆಸೊಚಿನ್‌ಗೆ ಹನ್ನೊಂದು ಕಿಲೋಮೀಟರ್ ಅಂತ ಮೆಸೇಜ್ ಹಾಕಿದ, ಎಂಟು ಗಂಟೆ ಹೊತ್ತಿಗೆ ಫೋನ್ ಸ್ವಿಚ್ ಆಫ್. ರಾತ್ರಿಯೆಲ್ಲ ಆಫ್.

ಬೆಳಿಗ್ಗೆ ನಾನು ಆಫೀಸಿಗೆ ಹೋದೆ. ಮ್ಯಾನೇಜರ್ ಕೇಳಿದ್ರು ಕೂಡ, "ಏನ್ರೀ ಮುಖ ಹಿಂಗಿದೆ, ಇನ್ನೂ ಹುಷಾರಾಗ್ಲಿಲ್ವಾ?" ಅಂತ. ಏನಿಲ್ಲ ಸರ್ ಅಂದೆ. ನಿಜ ಹೇಳಿದ್ರೆ ಹಿಂದಿನ ವಾರದ ಜ್ವರ ಸುಳ್ಳು ಅಂತ ಗೊತ್ತಾಗತ್ತಲ್ಲ.

ಅವತ್ತು ಸಂಬಳದ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ತಾಳ್ಮೆಯಿಂದ ಓದಿ. ನಮ್ಮಂಥ ಸಾವಿರಕ್ಕಿಂತ ಕಮ್ಮಿ ಜನ ಇರೋ ಕಡೆ ಸಂಬಳ 7ನೇ ತಾರೀಖಿನೊಳಗೆ ಹಾಕ್ಲೇಬೇಕಿತ್ತು, ಆಗಿನ ಕಾನೂನು. ಸಂಬಳದ ಫೈಲ್ ಎಕ್ಸೆಲ್‌ನಲ್ಲಿ, ಹೆಸರು, ಖಾತೆ ನಂಬರ್, ಐಎಫ್‌ಎಸ್‌ಸಿ, ಮೊತ್ತ. ಮೇಲ್ಗಡೆ ಹೆಲ್ಪರ್‌ಗಳು, ಆಮೇಲೆ ಟೈಲರ್‌ಗಳು, ಕೊನೆಗೆ ಸೂಪರ್‌ವೈಸರ್‌ಗಳು, ಕಟಿಂಗ್ ಮಾಸ್ಟರ್‌ಗಳು, ಒಟ್ಟು 160 ಚಿಲ್ಲರೆ ಜನ. ಬ್ಯಾಂಕಿಗೆ ಹಾಕೋಕೆ ಮುಂಚೆ ನಾನು ಯಾವಾಗ್ಲೂ ಮೊತ್ತದ ಪ್ರಕಾರ ದೊಡ್ಡದ್ರಿಂದ ಚಿಕ್ಕದಕ್ಕೆ ಸಾರ್ಟ್ ಮಾಡಿ ಮೇಲಿನ ಹತ್ತು ನೋಡ್ತೀನಿ, ಯಾರಿಗಾದ್ರೂ ಒಂದು ಸೊನ್ನೆ ಜಾಸ್ತಿ ಬಿದ್ದಿದ್ರೆ ಅಲ್ಲೇ ಸಿಕ್ಕಿಬೀಳತ್ತೆ. ಅದು ಒಳ್ಳೇ ಅಭ್ಯಾಸವೇ. ಆದ್ರೆ ಮೊತ್ತದ ಕಾಲಂ ಒಂದನ್ನೇ ಸೆಲೆಕ್ಟ್ ಮಾಡಿ ಸಾರ್ಟ್ ಒತ್ತಿದ್ರೆ ಎಕ್ಸೆಲ್ ಒಂದು ಪ್ರಶ್ನೆ ಕೇಳತ್ತೆ, ಪಕ್ಕದ ಕಾಲಂಗಳನ್ನೂ ಜೊತೆಗೆ ತಗೊಳ್ಳಲಾ, ಇಲ್ಲಾ ಇದೊಂದನ್ನೇ ಮಾಡ್ಲಾ ಅಂತ. ಆ ಪ್ರಶ್ನೆ ಸ್ಕ್ರೀನ್ ಮೇಲೆ ಬಂದ ಹೊತ್ತಿಗೇ ಟೇಬಲ್ ಕೆಳಗೆ ಫೋನ್ ಅಲ್ಲಾಡ್ತು. "ಮಾಮ ತಲುಪಿದೀವಿ, ಚಾರ್ಜ್ ಇರ್ಲಿಲ್ಲ, ಅಮ್ಮಂಗೆ ಹೇಳು." ಹದಿನೈದು ಗಂಟೆ ಕಾದಿದ್ದೆ ಆ ಮೆಸೇಜಿಗೆ. ಕಣ್ಣಲ್ಲಿ ನೀರು ತುಂಬಿ ಸ್ಕ್ರೀನೇ ಕಾಣ್ತಿರ್ಲಿಲ್ಲ, ಪ್ರಶ್ನೆ ಓದದೇ ಇದೊಂದನ್ನೇ ಮಾಡು ಅನ್ನೋದನ್ನ ಒತ್ತಿದೆ, ಸೇವ್ ಮಾಡಿದೆ, ಹೊರಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ.

ಏನಾಯ್ತು ಗೊತ್ತಾ, ಹೆಸರುಗಳು ಇದ್ದಲ್ಲೇ ಇದ್ವು, ಖಾತೆಗಳು ಇದ್ದಲ್ಲೇ ಇದ್ವು, ಮೊತ್ತ ಮಾತ್ರ ಜಾಗ ಬದಲಾಯಿಸ್ತು. ದೊಡ್ಡ ಸಂಬಳ ಎಲ್ಲ ಮೇಲಿರೋ ಹೆಲ್ಪರ್‌ಗಳಿಗೆ, ಹೆಲ್ಪರ್ ಸಂಬಳ ಕೊನೇಲಿರೋ ಮಾಸ್ಟರ್‌ಗಳಿಗೆ, ನಡುವೆ ಟೈಲರ್‌ಗಳಿಗೆ ಒಬ್ಬರದ್ದು ಇನ್ನೊಬ್ಬರಿಗೆ. ಚೆಕ್ ಮಾಡೋರು ಏನು ನೋಡ್ತಾರೆ? ಎಷ್ಟು ಜನ, ಒಟ್ಟು ಎಷ್ಟು. ಜನ ಸರಿ, ಒಟ್ಟು ಮೊತ್ತ ಪೈಸೆಗೆ ಪೈಸೆ ಸರಿ, ಯಾಕಂದ್ರೆ ಕೂಡೋದಕ್ಕೆ ಸಾಲು ಹಿಂದೆ ಮುಂದೆ ಆದ್ರೆ ಏನೂ ವ್ಯತ್ಯಾಸ ಇಲ್ಲ. ಅವರು ಸೈನ್ ಹಾಕಿದ್ರು. ಹೆಸರಿಗೆ ಖಾತೆ ಸರಿ ಇದೆ, ಬ್ಯಾಂಕ್ ಯಾಕೆ ತಡೆಯತ್ತೆ. ಶುಕ್ರವಾರ ಸಂಜೆ ಹೋಯ್ತು ದುಡ್ಡು.

ಶನಿವಾರ ಬೆಳಿಗ್ಗೆ ಒಬ್ಬ ಹೆಂಗಸು, ಒಂಬತ್ತು ವರ್ಷದಿಂದ ಟೈಲರ್, ನನ್ನ ಟೇಬಲ್ ಹತ್ರ ಬಂದು "ಸರ್, ಈ ಸಲ ನಂಗೆ ಇಷ್ಟೇನಾ, ನಾನು ಯಾವತ್ತು ರಜೆ ಹಾಕಿದೀನಿ ನೋಡಿ ಸರ್" ಅಂತ ಮೆಲ್ಲಗೆ ಕೇಳಿದ್ರು. ಕಂಪ್ಲೇಂಟ್ ಅಲ್ಲ, ತನ್ನದೇ ಏನೋ ತಪ್ಪಿರಬೇಕು ಅನ್ನೋ ಥರ. ಸೋಮವಾರ ಅವರಿಗೆ ಸಂಘದ ಕಂತು ಕಟ್ಬೇಕಿತ್ತು. ಅವರ ಹಿಂದೆ ಇನ್ನೊಬ್ರು, ಅವರ ಹಿಂದೆ ಇನ್ನೊಬ್ರು. ಜಾಸ್ತಿ ಬಂದೋರಲ್ಲಿ ತುಂಬಾ ಜನ ತಾವೇ ಬಂದು ವಾಪಸ್ ಕೊಟ್ರು, ಕೆಲವರದ್ದು ಸಾಲಕ್ಕೆ ತಾನೇ ಕಟ್ ಆಗಿಹೋಗಿತ್ತು, ಇಬ್ರು ಊರಿಗೆ ಹೋದೋರು ಬರ್ಲೇ ಇಲ್ಲ. ಖಾತೆಗೆ ಬಿದ್ದ ದುಡ್ಡನ್ನ ಅವರು ಒಪ್ಪದೇ ಬ್ಯಾಂಕ್ ಹಿಂದಕ್ಕೆ ಎಳೆಯಲ್ಲ. ಮೂರು ವಾರ ಹಿಡೀತು. ಮಾಸ್ಟರ್ ಒಬ್ಬರ ಮನೆ ಸಾಲದ ಇಎಂಐ ಬೌನ್ಸ್ ಆಯ್ತು, ಆ ಚಾರ್ಜು ನಾನು ಕೈಯಿಂದ ಕೊಟ್ಟೆ. ಸಂಬಳದ ಕೆಲಸ ನನ್ನಿಂದ ತಗೊಂಡ್ರು, ಆ ವರ್ಷ ಇನ್ಕ್ರಿಮೆಂಟ್ ಇಲ್ಲ. ಅದರ ಬಗ್ಗೆ ನನಗೆ ಬೇಜಾರಿಲ್ಲ. ಆ ಟೈಲರಮ್ಮ ಕೇಳಿದ ರೀತಿ ಇದೆಯಲ್ಲ, ಅದು ಇವತ್ತಿಗೂ ಹೋಗಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆ ನಂಗೆ ಒಪ್ಪಿಗೆ ಇಲ್ಲ. ಅಲ್ಲಿ ನಮ್ಮೋರು ಯಾರೂ ಇಲ್ಲ, ಹಂಗಾದ್ರೆ ರಜೆ ಕೇಳೋ ಅರ್ಹತೆ ಇದೆಯಾ ಅಂತ ಕೇಳ್ತಿದೀರಿ. ಯುದ್ಧ ನಿಮಗೆ ಎಷ್ಟು ಹತ್ತಿರ ಅಂತ ಅಳೆಯೋಕೆ ಹೋಗ್ಬೇಡಿ. ನಮ್ಮ ಹುಡುಗ 5ನೇ ತಾರೀಖು ಪೆಸೊಚಿನ್‌ನಿಂದ ಬಸ್ ಹತ್ತಿ ಪೋಲೆಂಡ್ ದಾಟಿ ದೆಹಲಿಗೆ ಬಂದು 10ಕ್ಕೆ ಬೆಂಗಳೂರು ಮುಟ್ಟಿದ. ಅವನು ಬಸ್ ಹತ್ತಿದ ಮೇಲೂ ನನ್ನ ಕೈ ಫೋನ್ ಬಿಡಲಿಲ್ಲ. ಉಕ್ರೇನಿನದೇ ಇನ್ನೊಂದು ಊರು ಸುಮಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದ ಸುಮಾರು 700 ಮಕ್ಕಳು ಹಿಮ ಕರಗಿಸಿ ನೀರು ಕುಡೀತಿದ್ದ ವಿಡಿಯೋ ನೋಡ್ತಾ, ಅವರು 8ಕ್ಕೆ ಬಸ್ ಹತ್ತೋವರೆಗೂ ನಂಗೆ ನಿದ್ದೆ ಇಲ್ಲ. ಅವರಲ್ಲಿ ಒಬ್ಬರೂ ನನಗೆ ಗೊತ್ತಿರ್ಲಿಲ್ಲ. ಹಂಗಾಗಿ ನಿಮಗೆ ಆಗ್ತಿರೋದು ಅತಿ ಅಂತ ನಾನಂತೂ ಹೇಳಲ್ಲ. ನೀವು ಕೇಳ್ಕೋಬೇಕಾದ್ದು, ಇವತ್ತು ನನ್ನ ಕೈ ತಪ್ಪಿದ್ರೆ ಯಾರ ತಲೆ ಮೇಲೆ ಬೀಳತ್ತೆ ಅನ್ನೋದು. ನಂದು ಸಂಬಳ, ತಡವಾಗಿ ಆದ್ರೂ ಸರಿ ಮಾಡಿದ್ವಿ. ನಿಮ್ಮದು ಔಷಧಿ. ಐದು ಮಿಲಿಗ್ರಾಂ ಜಾಗದಲ್ಲಿ ಐವತ್ತು ಹೋದ್ರೆ ವಾಪಸ್ ತಗೊಳ್ಳೋದು ಹೆಂಗೆ?

ಸುದ್ದಿ ನೋಡೋದು ನಿಲ್ಸಿ, ಫೋನ್ ದೂರ ಇಡಿ ಅಂತ ಬೇರೆಯವರು ಹೇಳ್ತಾರೆ, ಅದನ್ನೂ ನಾನು ಒಪ್ಪಲ್ಲ. ಹೇಳಿದ ತಕ್ಷಣ ನಿಲ್ಸೋಕೆ ಆಗೋ ಹಾಗಿದ್ರೆ ನೀವು ಇಲ್ಲಿ ಬಂದು ಕೇಳ್ತಿರ್ಲಿಲ್ಲ. ಆದ್ರೆ ಒಂದು, ರಜೆ ತಗೊಂಡು ಮನೇಲಿ ಟಿವಿ ಮುಂದೆ ಕೂರೋದಾದ್ರೆ ಮಾತ್ರ ತಗೋಬೇಡಿ. ನಾನು ಸುಳ್ಳು ಜ್ವರದ ದಿನ ಅದನ್ನೇ ಮಾಡಿದ್ದು, ಒಂದೇ ಸ್ಫೋಟದ ದೃಶ್ಯನ ಸಂಜೆವರೆಗೂ ನೂರು ಸಲ ನೋಡಿದೆ, ಹೊಸದಾಗಿ ಗೊತ್ತಾಗಿದ್ದು ಏನೂ ಇಲ್ಲ. ಮಲಗೋಕೆ ತಗೊಳ್ಳಿ, ಊರಿಗೆ ಹೋಗೋಕೆ ತಗೊಳ್ಳಿ. ಆಗಿನ ಕಾರ್ಖಾನೆ ಕಾನೂನಲ್ಲಿ ಸಂಬಳದ ರಜೆಗೆ ಹದಿನೈದು ದಿನ ಮುಂಚೆ ಅರ್ಜಿ ಕೊಡಬೇಕು ಅಂತಿತ್ತು, ನಿಮ್ಮ ಆಸ್ಪತ್ರೆಯಲ್ಲೂ ಅಂಥದ್ದೇ ನಿಯಮ ಇರಬಹುದು, ಇಂಥ ಹೊತ್ತಲ್ಲಿ ಅದನ್ನೆಲ್ಲ ಹಿಡ್ಕೊಂಡು ಕೂರೋಕಾಗಲ್ಲ. ಸಿಎಲ್ (ಕ್ಯಾಶುಯಲ್ ಲೀವ್) ಇದ್ರೆ ಹಾಕಿ, ಇಲ್ಲಾಂದ್ರೆ ಅರ್ಧ ದಿನ ಕೇಳಿ, ಅದೂ ಸಿಗ್ಲಿಲ್ಲ ಅಂದ್ರೆ ಎರಡು ದಿನ ಕೌಂಟರಿಂದ ತೆಗೆದು ಸ್ಟಾಕ್ ಜೋಡಿಸೋ ಕೆಲಸಕ್ಕಾದ್ರೂ ಹಾಕಿ ಅಂತ ಕೇಳಿ. ಇದನ್ನ ಕೇಳೋದಕ್ಕೆ ನಾಚಿಕೆ ಪಡ್ಬೇಡಿ, ನಿಮ್ಮ ಮುಂದೆ ಚೀಟಿ ಹಿಡ್ಕೊಂಡು ನಿಂತಿರೋರಿಗೋಸ್ಕರ ಕೇಳ್ತಿದೀರಿ.

ಏನಂತ ಹೇಳೋದು ಅಂತೀರಲ್ಲ. ಮಾರ್ಚ್ 21ಕ್ಕೆ ಆ ಚಳಗೇರಿ ಹುಡುಗನ ದೇಹ ಬೆಂಗಳೂರಿಗೆ ಬಂತು, ಅಲ್ಲಿಂದ ಊರಿಗೆ. ನಮ್ಮ ಹುಡುಗ ಹೋಗ್ಲೇಬೇಕು ಅಂದ, ಒಬ್ಬನೇ ಕಳಿಸೋಕೆ ಅಕ್ಕನಿಗೆ ಮನಸ್ಸಿಲ್ಲ. ನಾನು ಮ್ಯಾನೇಜರ್ ಮುಂದೆ ನಿಂತು ಮೊದಲು ಜ್ವರ ಸುಳ್ಳಾಗಿತ್ತು ಸರ್ ಅಂದೆ, ಆಮೇಲೆ ನನ್ನ ಅಕ್ಕನ ಮಗ ಖಾರ್ಕಿವಲ್ಲಿದ್ದ, ಅದಕ್ಕೇ ಹಂಗಾಯ್ತು, ಈಗ ಚಳಗೇರಿಗೆ ಹೋಗ್ಬೇಕು, ಒಂದು ದಿನ ಬೇಕು ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ್ರು. "ಅವತ್ತೇ ಹೇಳಿದ್ರೆ ಆ ಫೈಲ್ ನಾನೇ ಮಾಡ್ತಿದ್ನಲ್ರೀ" ಅಂದು ಸೈನ್ ಹಾಕಿದ್ರು. ಪಕ್ಕದ ಸೀಟಿನ ಹಿರಿಯರ ಹತ್ರಾನೂ ಹೋಗಿ ಹೇಳ್ದೆ. ಅವರು ಹುಡುಗ ಹುಷಾರಾಗಿದಾನಾ ಅಂತ ಮಾತ್ರ ಕೇಳಿದ್ರು.

ಚಳಗೇರಿಯಲ್ಲಿ ರಸ್ತೆ ತುಂಬಾ ಜನ. ಪೂಜೆ ಮುಗಿಸಿ ಆ ತಂದೆ ತಾಯಿ ಮಗನ ದೇಹನ ದಾವಣಗೆರೆ ಮೆಡಿಕಲ್ ಕಾಲೇಜಿಗೆ ಓದೋ ಮಕ್ಕಳಿಗೆ ಅಂತ ಕೊಟ್ಟರು. ನಮ್ಮ ಹುಡುಗ ವಾಪಸ್ ಬರೋವರೆಗೂ ಒಂದು ಮಾತಾಡ್ಲಿಲ್ಲ, ರಾಣೆಬೆನ್ನೂರು ಬಸ್ ಸ್ಟ್ಯಾಂಡಲ್ಲಿ ಇಳಿದ ಮೇಲೆ, "ಮಾಮ, ನಾಳೆ ನಿಂಗೆ ಆಫೀಸ್ ಇದೆಯಲ್ಲ, ನೀನು ರಾತ್ರಿ ಬಸ್ಸಿಗೆ ಹೋಗು, ನಾನು ಅಮ್ಮನ ಹತ್ರ ಇರ್ತೀನಿ" ಅಂದ.